ಮಿರಜೆಯ ವೈದ್ಯವೂ ಲಾಲಾಗ್ರಂಥಿಯ ಜನ್ಮವೃತ್ತಾಂತವೂ

ಬೆಳಗಾವಿಯಿಂದ ಉತ್ತರಕ್ಕೆ ಹೊರಟ ರೈಲು ಘಟಪ್ರಭಾ, ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳನ್ನು ಒಂದೊಂದಾಗಿ ದಾಟಿ ಮಿರಜ ಜಂಕ್ಷನ್ನನ್ನು ಸೇರಿದಾಗ ಅದರಿಂದ ಇಳಿಯುವ ಕನ್ನಡಿಗರಲ್ಲಿ ವ್ಯಾಪಾರಕ್ಕೆ ಬಂದವರೂ ನಂಟರ ಮನೆಗೆ ಹೊರಟವರೂ ದರ್ಗಾಕ್ಕೆ ಹರಕೆ ಹೊತ್ತವರೂ ಎಂದಿನಿಂದಲೂ ಇದ್ದಾರೆ. ಆದರೆ ಕೃಷ್ಣೆಯ ಎರಡೂ ದಂಡೆಗಳ ಹಳ್ಳಿಗಳಲ್ಲಿ ಆ ಊರಿನ ಹೆಸರನ್ನು ನೂರು ವರ್ಷಕ್ಕೂ ಮೀರಿ ಮನೆಮಾತಾಗಿ ಉಳಿಸಿದವರು ರೋಗಿಗಳೂ ಅವರನ್ನು ಕರೆತಂದ ಬಂಧುಗಳೂ. ಊರಿನ ಮದ್ದಿಗೆ ಬಗ್ಗದ ಬೇನೆಯನ್ನು ಕಂಡೊಡನೆ ಹಿರಿಯರು 'ಮಿರಜಿಗೆ ಒಯ್ರಿ' ಎಂದು ಹೇಳುವುದು ಅಥಣಿ, ಚಿಕ್ಕೋಡಿ, ಜತ್ತ, ಜಮಖಂಡಿಗಳ ಸೀಮೆಯಲ್ಲಿ ರೂಢಿಯಾಯಿತು. ಆ ವೈದ್ಯವೃತ್ತಿಯ ಪೂರ್ವಚರಿತ್ರೆಯನ್ನು ಬರೆಯಹೊರಟವನು ಆಸ್ಪತ್ರೆಯ ಕಟ್ಟಡಗಳ ಕಥೆಯೊಂದನ್ನೇ ಹೇಳಿ ಮುಗಿಸಿದರೆ ಅರ್ಧವನ್ನಷ್ಟೇ ಹೇಳಿದಂತಾದೀತು. ಕೆಟ್ಟ ಅಂಗವನ್ನು ಸರಿಪಡಿಸುವ ಕೈಗಳ ಜೊತೆಗೆ, ಅಂಗವು ಮೊದಲಿಗೆ ಹೇಗೆ ಆಯಿತೆಂದು ಕೇಳಿದ ಬುದ್ಧಿಯ ಚರಿತ್ರೆಯೂ ಅದರೊಡನೆ ಹೆಣೆದುಕೊಂಡಿದೆ. ಈ ಎರಡೂ ಎಳೆಗಳು ಬಾಯಿಯ ಲಾಲಾಗ್ರಂಥಿಯೆಂಬ ಸಣ್ಣ ಅಂಗದಲ್ಲಿ ಎಷ್ಟು ನಿಚ್ಚಳವಾಗಿ ಕೂಡುತ್ತವೆಯೋ ಅಷ್ಟು ಬೇರೆಲ್ಲಿಯೂ ಕೂಡವೆಂದು ನನಗೆ ತೋರುವುದರಿಂದ, ಅದನ್ನೇ ಹಿಡಿದು ಹೇಳುತ್ತೇನೆ.

ಮಿರಜೆಯೊಡನೆ ಕನ್ನಡದ ಸಂಬಂಧ ಆಸ್ಪತ್ರೆಗಿಂತ ಬಹು ಹಿಂದಿನದು. ಚಾಲುಕ್ಯರ ಮತ್ತು ಶಿಲಾಹಾರರ ಕಾಲದ ಶಾಸನಗಳಲ್ಲಿ ಇದು ಮಿರಿಂಜೆ. ಮೂರು ಸಾವಿರ ಸಂಖ್ಯೆಯ ನಾಡೊಂದಕ್ಕೆ ಮುಖ್ಯಸ್ಥಾನ. ಎರಡನೆಯ ಜಯಸಿಂಹನ 1024ರ ತಾಮ್ರಪಟಗಳು ಈ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ನೆರೆಯ ಸಾಂಗಲಿ 1801ರಲ್ಲಿ ಪಟವರ್ಧನ ಮನೆತನದ ಚಿಂತಾಮಣರಾವ್ ಅಪ್ಪಾಸಾಹೇಬರ ರಾಜಧಾನಿಯಾಯಿತು. ಉತ್ತರ ಕನ್ನಡದ ಕರ್ಕಿಯಿಂದ ಬಂದ ಭಾಗವತರ ಮೇಳದ ಆಟವನ್ನು ಅವರು ಕಂಡು ಮೆಚ್ಚಿ, ಅಂಥದೇ ಒಂದನ್ನು ಮರಾಠಿಯಲ್ಲಿ ಕಟ್ಟುವಂತೆ ವಿಷ್ಣುದಾಸ ಭಾವೆಯವರಿಗೆ ಹೇಳಿದುದರ ಫಲವಾಗಿ 1843ರಲ್ಲಿ 'ಸೀತಾ ಸ್ವಯಂವರ' ರಂಗಕ್ಕೆ ಬಂದು ಮರಾಠಿ ನಾಟಕದ ಚರಿತ್ರೆ ಮೊದಲಾದುದು ಎಲ್ಲರೂ ಬಲ್ಲ ಸಂಗತಿ. ಮುಂದೆ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿಯವರು ಕನ್ನಡವನ್ನು ಬೋಧಿಸಿದರು. ವಿನಾಯಕ ಕೃಷ್ಣ ಗೋಕಾಕರು ಅದೇ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಭಾಷಾವಾರು ಗಡಿಗಳು ಆಮೇಲೆ ಎಳೆಯಲ್ಪಟ್ಟವು. ರೋಗಿ ಆ ಗೆರೆಯನ್ನು ಎಂದೂ ಲೆಕ್ಕಿಸಿದವನಲ್ಲ.

ಕೆನಡಾದ ಒಂಟೇರಿಯೊ ಪ್ರಾಂತದಲ್ಲಿ 1865ರಲ್ಲಿ ಹುಟ್ಟಿದ ವಿಲಿಯಂ ಜೇಮ್ಸ್ ವಾನ್‌ಲೆಸ್ ಅವರು ಅಮೆರಿಕದ ಪ್ರೆಸ್ಬಿಟೇರಿಯನ್ ಮಿಶನ್ನಿನ ವೈದ್ಯರಾಗಿ 1889ರಲ್ಲಿ ಹಿಂದುಸ್ಥಾನಕ್ಕೆ ಬಂದರು. ಮೊದಲು ಸಾಂಗಲಿಯಲ್ಲಿ ಚಿಕ್ಕದೊಂದು ಔಷಧಾಲಯವನ್ನು ನಡೆಸಿ, ಬಳಿಕ ಮಿರಜೆಗೆ ಬಂದು, 1894ರಲ್ಲಿ ಆಸ್ಪತ್ರೆಯನ್ನು ತೆರೆದರು. ಆ ಸೀಮೆಯ ಜನರು ಶಸ್ತ್ರಚಿಕಿತ್ಸೆ ಎಂದರೆ ಮೃತ್ಯುವಿನ ಪೂರ್ವರಂಗವೆಂದೇ ಬಗೆದಿದ್ದ ದಿನಗಳು ಅವು. ಕಣ್ಣಿನ ಪೊರೆಯನ್ನು ತೆಗೆಸಿಕೊಂಡು ಮಗನ ಮುಖವನ್ನು ಮತ್ತೆ ಕಂಡ ಮುದುಕಿಯೊಬ್ಬಳು ತನ್ನ ಊರಿಗೆ ಮರಳಿದಾಗ, ಯಾವ ಪ್ರಚಾರಕನೂ ಹುಟ್ಟಿಸಲಾರದ ನಂಬಿಕೆಯನ್ನು ಅವಳ ಬರವೇ ಹುಟ್ಟಿಸಿತೆಂದು ಊಹಿಸುವುದು ಕಷ್ಟವಲ್ಲ. ವಾನ್‌ಲೆಸ್ ಅವರ ದೂರದೃಷ್ಟಿ ಕಾಣುವುದು ಆಸ್ಪತ್ರೆಯಲ್ಲಿ ಎಷ್ಟೋ ಅದಕ್ಕಿಂತ ಹೆಚ್ಚಾಗಿ ಅವರ ಶಾಲೆಯಲ್ಲಿ. 1897ರಲ್ಲಿಯೇ ಅವರು ಮಿರಜೆಯಲ್ಲಿ ವೈದ್ಯಶಾಲೆಯೊಂದನ್ನು ಮೊದಲುಮಾಡಿ, ದೇಶೀಯ ಯುವಕರಿಗೆ ಶರೀರರಚನೆಯನ್ನೂ ಶಸ್ತ್ರಕರ್ಮವನ್ನೂ ಕಲಿಸತೊಡಗಿದರು. ಕುಷ್ಠರೋಗಿಗಳ ಆಶ್ರಯಸ್ಥಾನಕ್ಕೂ, ಸಾಂಗಲಿ ಮಿರಜೆಗಳ ನಡುವಣ ಕ್ಷಯರೋಗದ ಆಸ್ಪತ್ರೆಗೂ ಅವರು ಮೂಲಪುರುಷರು. 1928ರಲ್ಲಿ 'ಸರ್' ಪದವಿಯನ್ನು ಪಡೆದು ಈ ದೇಶದಿಂದ ಬೀಳ್ಕೊಂಡು, 1933ರಲ್ಲಿ ಅವರು ತೀರಿಕೊಂಡರು. ಬಾರ್ಶಿ ಲಘು ರೈಲ್ವೆಯೂ ಅಷ್ಟರಲ್ಲಿ ಮಿರಜೆಯನ್ನು ಮುಟ್ಟಿ, ಪಂಢರಪುರದ ಕಡೆಯ ರೋಗಿಗಳಿಗೂ ದಾರಿ ತೆರೆದಿತ್ತು. 1962ರಲ್ಲಿ ಸರಕಾರದ ವೈದ್ಯಕೀಯ ಮಹಾವಿದ್ಯಾಲಯ ಇಲ್ಲಿಯೇ ಸ್ಥಾಪಿತವಾಯಿತು.

ಶರೀರರಚನೆಯನ್ನು ಕಲಿಯುವ ಹುಡುಗನು ಮುಖದ ಛೇದನಕ್ಕೆ ಬಂದಾಗ ಎದುರಾಗುವ ಒಂದು ಸೋಜಿಗದ ಸಂಗತಿಯನ್ನು ಇಲ್ಲಿ ಹೇಳಬೇಕು. ಮಂಗನಬಾವು ಬಂದಾಗ ಕಿವಿಯ ಬುಡದಲ್ಲಿ ಊದಿಕೊಳ್ಳುವ ಕರ್ಣಮೂಲ ಗ್ರಂಥಿಯೇ ಮೂರು ಜೋಡಿ ಮುಖ್ಯ ಲಾಲಾಗ್ರಂಥಿಗಳಲ್ಲಿ ದೊಡ್ಡದು. ಅದರ ನಾಳವನ್ನು ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸೆನ್ ಎಂಬ ತರುಣ ವಿದ್ಯಾರ್ಥಿ 1660ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕುರಿಯ ತಲೆಯೊಂದನ್ನು ಕೊಯ್ಯುವಾಗ ಕಂಡುಹಿಡಿದನು. ದವಡೆಯ ಕೆಳಗಣ ಅಧೋಹನು ಗ್ರಂಥಿಯ ನಾಳವನ್ನು ಇಂಗ್ಲೆಂಡಿನ ಥಾಮಸ್ ವಾರ್ಟನ್ 1656ರಲ್ಲಿಯೇ ವರ್ಣಿಸಿದ್ದನು. ಮೂರನೆಯದು ನಾಲಗೆಯ ಅಡಿಯ ಅಧೋಜಿಹ್ವಾ ಗ್ರಂಥಿ. ಇವುಗಳೂ ಬಾಯೊಳಗೆ ಹರಡಿದ ನೂರಾರು ಕಿರುಗ್ರಂಥಿಗಳೂ ಕೂಡಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಲಾಲಾರಸವನ್ನು ಸ್ರವಿಸುತ್ತವೆ. ಕರ್ಣಮೂಲ ಗ್ರಂಥಿಯನ್ನು ಕೊಯ್ದು ನೋಡಿದವನಿಗೆ, ಮುಖದ ಸ್ನಾಯುಗಳನ್ನು ಆಡಿಸುವ ನರವು ಆ ಗ್ರಂಥಿಯ ಒಡಲಿನ ನಡುವೆಯೇ ತೂರಿ, ಅಲ್ಲಿಯೇ ಕವಲೊಡೆದು ಹೊರಬರುವುದು ಕಾಣುತ್ತದೆ. ಗ್ರಂಥಿಗೂ ಆ ನರಕ್ಕೂ ಕಾರ್ಯಸಂಬಂಧ ಏನೂ ಇಲ್ಲ. ಆದರೂ ಗ್ರಂಥಿಯ ಗಡ್ಡೆಯನ್ನು ತೆಗೆಯುವ ಶಸ್ತ್ರವೈದ್ಯನು ಒಂದೊಂದು ಕವಲನ್ನೂ ಉಳಿಸಿಕೊಂಡು ಹೋಗಬೇಕು. ಕೈತಪ್ಪಿದರೆ ರೋಗಿಯ ಅರ್ಧಮುಖದ ನಗುವೇ ಹೋಗುತ್ತದೆ. ಈ ವಿಪರೀತ ರಚನೆಗೆ ಕಾರಣವನ್ನು ಪ್ರೌಢ ದೇಹದಲ್ಲಿ ಹುಡುಕಿದರೆ ಸಿಕ್ಕದು, ಭ್ರೂಣದಲ್ಲಿ ಸಿಕ್ಕುತ್ತದೆ. ಗರ್ಭದ ಆರನೆಯ ವಾರದ ಹೊತ್ತಿಗೆ ಬಾಯಿಯ ಒಳಪದರದಲ್ಲಿ, ಮುಂದೆ ಕೆನ್ನೆಯಾಗುವ ಸ್ಥಳದಲ್ಲಿ, ಒಂದು ಮೊಗ್ಗು ಮೂಡಿ, ಕಿವಿಯ ಕಡೆಗೆ ಹಿಂದಕ್ಕೆ ಬೆಳೆಯುತ್ತ, ಅಲ್ಲಿ ಆಗಲೇ ಹರಡಿರುವ ನರದ ಕವಲುಗಳ ನಡುವೆ ತನ್ನ ಕವಲುಗಳನ್ನು ಚಾಚಿ, ಅವನ್ನು ಸುತ್ತುವರಿಯುತ್ತದೆ. ಮೂರು ಗ್ರಂಥಿಗಳಲ್ಲಿ ಮೊದಲು ಮೂಡುವುದು ಇದೇ, ಸುತ್ತಲೂ ಕೋಶವನ್ನು ಕಟ್ಟಿಕೊಳ್ಳುವುದರಲ್ಲಿ ಕೊನೆಯದೂ ಇದೇ. ಶಸ್ತ್ರವೈದ್ಯನ ಕೈಗೆ ಒದಗುವ ಕಷ್ಟವೊಂದು ಗರ್ಭದ ಆರನೆಯ ವಾರದಲ್ಲಿ ನಿಶ್ಚಿತವಾಗಿಬಿಟ್ಟಿರುತ್ತದೆ.

ಅಂಗಗಳು ಹೇಗೆ ಹುಟ್ಟುತ್ತವೆಂಬ ಪ್ರಶ್ನೆ ನಮ್ಮ ದೇಶಕ್ಕೆ ಹೊಸತಲ್ಲ. ಗರ್ಭದಲ್ಲಿ ಮೊದಲು ಯಾವ ಅಂಗ ಮೂಡುತ್ತದೆಂಬ ವಾದವನ್ನು ಸುಶ್ರುತಸಂಹಿತೆಯ ಶಾರೀರಸ್ಥಾನ ವಿಸ್ತಾರವಾಗಿ ಕಾಣಿಸುತ್ತದೆ: ಶೌನಕನ ಮತದಲ್ಲಿ ತಲೆ, ಕೃತವೀರ್ಯನ ಮತದಲ್ಲಿ ಹೃದಯ, ಪಾರಾಶರ್ಯನ ಮತದಲ್ಲಿ ನಾಭಿ, ಮಾರ್ಕಂಡೇಯನ ಮತದಲ್ಲಿ ಕೈಕಾಲು, ಸುಭೂತಿ ಗೌತಮನ ಮತದಲ್ಲಿ ನಡುವಣ ಕಾಯ. ಇವೆಲ್ಲವನ್ನೂ ನಿರಾಕರಿಸಿ ಧನ್ವಂತರಿ ಹೇಳುವುದು, ಎಲ್ಲ ಅಂಗಗಳೂ ಏಕಕಾಲದಲ್ಲಿಯೇ ಸಂಭವಿಸುತ್ತವೆ, ಎಳೆಯ ಮಾವಿನ ಕಾಯಿಯಲ್ಲಿ ನಾರು, ತಿರುಳು, ಓಟೆಗಳು ಇದ್ದೂ ಸೌಕ್ಷ್ಮ್ಯದಿಂದ ಕಾಣದಿರುವಂತೆ ಅವೂ ಕಾಣವು ಎಂದು. ಚರಕಸಂಹಿತೆಯಲ್ಲಿಯೂ ಇಂಥದೇ ವಾದವುಂಟು. ಅಲ್ಲಿ ಮಾರೀಚಿ ಕಶ್ಯಪನೆಂಬವನು ಪ್ರತ್ಯಕ್ಷಕ್ಕೆ ಗೋಚರಿಸದ ವಿಷಯವಾದುದರಿಂದ ಇದು ಅಚಿಂತ್ಯವೆಂದು ಹೇಳಿ ಸುಮ್ಮನಾಗುತ್ತಾನೆ. ಧನ್ವಂತರಿಯ ಮತಕ್ಕಿಂತ ಈ ಕಶ್ಯಪನ ಸಂಯಮವೇ ನನಗೆ ಹೆಚ್ಚು ಪ್ರಿಯ. ಏಕೆಂದರೆ ಮುಂದಿನ ಎರಡು ಸಾವಿರ ವರ್ಷಗಳ ಪ್ರಗತಿಯೆಲ್ಲವೂ ಆ ಅಪ್ರತ್ಯಕ್ಷವನ್ನು ಪ್ರತ್ಯಕ್ಷಗೊಳಿಸುವ ಉಪಾಯಗಳ ಪ್ರಗತಿಯೇ ಆಗಿದೆ. ಕನ್ನಡದಲ್ಲಿ ಜಗದ್ದಳ ಸೋಮನಾಥನು ಹನ್ನೆರಡನೆಯ ಶತಮಾನದಲ್ಲಿಯೇ 'ಕರ್ಣಾಟಕ ಕಲ್ಯಾಣಕಾರಕ'ವನ್ನು ರಚಿಸಿ ವೈದ್ಯವನ್ನು ದೇಶಭಾಷೆಗೆ ತಂದನು. ಮಿರಿಂಜೆ ಶಿಲಾಹಾರರ ಕೈಯಲ್ಲಿದ್ದ ಕಾಲವೂ ಅದೇ.

ಆ ಉಪಾಯಗಳಲ್ಲಿ ಲಾಲಾಗ್ರಂಥಿಗೆ ಸಿಕ್ಕಿದ ಸ್ಥಾನ ಅಸಾಮಾನ್ಯವಾದುದು. ಇಲಿಯ ಭ್ರೂಣದಿಂದ ತೆಗೆದ ಅಧೋಹನು ಗ್ರಂಥಿಯ ಅಂಕುರವನ್ನು ದೇಹದ ಹೊರಗೆ ಗಾಜಿನ ಪಾತ್ರೆಯಲ್ಲಿ ಸಾಕಿದರೆ, ಅದು ಅಲ್ಲಿಯೇ ದಿನದಿನಕ್ಕೆ ಸೀಳುಗಳನ್ನು ತಳೆದು ಕವಲೊಡೆಯುವುದನ್ನು ಇಟಲಿಯ ಎಲಿಯೊ ಬೋರ್ಗೆಸೆ 1950ರಲ್ಲಿ ತೋರಿಸಿದರು. ಮೂರು ವರ್ಷಗಳ ತರುವಾಯ ಅಮೆರಿಕದ ಕ್ಲಿಫರ್ಡ್ ಗ್ರೋಬ್‌ಸ್ಟೈನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಂಕುರದಲ್ಲಿ ಎರಡು ಭಾಗಗಳಿವೆ: ಬಾಯಿಯ ಒಳಪದರದಿಂದ ಇಳಿದುಬಂದ ಹೊದಿಕೆಯ ಜೀವಕಣಗಳ ಮೊಗ್ಗು ಒಂದು, ಅದನ್ನು ಸುತ್ತುವರಿದ ಮೆಸೆಂಕೈಮ್ ಎಂಬ ಸಡಿಲವಾದ ಅಂಗಾಂಶ ಇನ್ನೊಂದು. ಟ್ರಿಪ್ಸಿನ್ ಎಂಬ ಕಿಣ್ವದ ಸಹಾಯದಿಂದ ಇವೆರಡನ್ನೂ ಅಗಲಿಸಿದಾಗ, ಒಂಟಿಯಾದ ಮೊಗ್ಗು ಕವಲೊಡೆಯದೆ ನಿಂತುಹೋಯಿತು. ತನ್ನ ಮೆಸೆಂಕೈಮನ್ನು ಮರಳಿ ಪಡೆದೊಡನೆ ಎಂದಿನಂತೆ ಬೆಳೆಯತೊಡಗಿತು. ಬೇರೆ ಅಂಗದ ಮೆಸೆಂಕೈಮನ್ನು ಕೊಟ್ಟರೆ ಅದಕ್ಕೆ ಒಗ್ಗಲಿಲ್ಲ. ಅಂಗಾಂಶಗಳ ನಡುವೆ ಸೂಕ್ಷ್ಮರಂಧ್ರಗಳ ತೆಳುವಾದ ಸೋಸುಪೊರೆಯನ್ನಿಟ್ಟಾಗಲೂ ಒಂದರ ಪ್ರಭಾವ ಮತ್ತೊಂದಕ್ಕೆ ತಲುಪುವುದನ್ನು ಅವರು ಅದೇ 1953ರಲ್ಲಿ ಪ್ರಕಟಿಸಿದರು. ಪೊರೆಯನ್ನು ದಾಟಿಹೋಗುವ ಆ ಸಂದೇಶವು ಯಾವ ದ್ರವ್ಯವೆಂಬುದು ಮಾತ್ರ ಅವರ ಕಾಲಕ್ಕೆ ತಿಳಿಯದಾಗಿತ್ತು.

ಇದಕ್ಕಿಂತಲೂ ಮನೋಹರವಾದ ಪ್ರಯೋಗ 1976ರದು. ಇಲಿಯ ಭ್ರೂಣದ ಸ್ತನಗ್ರಂಥಿಯ ಹೊದಿಕೆಯ ಕಣಗಳಿಗೆ ಲಾಲಾಗ್ರಂಥಿಯ ಮೆಸೆಂಕೈಮನ್ನು ಜೋಡಿಸಿ ಸಾಕಾಕುರಾ, ನಿಶಿಜುಕ, ಡಾವೆ ಎಂಬವರು ಬೆಳೆಸಿದಾಗ, ಹುಟ್ಟಿದ ಗ್ರಂಥಿಯ ಕವಲುಗಳ ಆಕಾರ ಲಾಲಾಗ್ರಂಥಿಯದಾಯಿತು; ಆದರೆ ಆ ಕಣಗಳು ತಯಾರಿಸಿದುದು ಹಾಲಿನ ಪ್ರೋಟೀನನ್ನು. ಆಕಾರವನ್ನು ನೆರೆಯ ಅಂಗಾಂಶ ಕೊಡುತ್ತದೆ, ಕಸುಬನ್ನು ಕಣ ತನ್ನ ಹುಟ್ಟಿನಿಂದಲೇ ಹೊತ್ತು ತರುತ್ತದೆ ಎಂದು ಈ ಪ್ರಯೋಗದಿಂದ ಸ್ಪಷ್ಟಪಟ್ಟಿತು. ಶೌನಕನೂ ಮಾರ್ಕಂಡೇಯನೂ ಕೇಳಿದ 'ಮೊದಲು ಯಾವುದು?' ಎಂಬ ಪ್ರಶ್ನೆಯ ಸ್ಥಾನದಲ್ಲಿ, 'ಯಾವುದು ಯಾವುದಕ್ಕೆ, ಯಾವ ಹೊತ್ತಿನಲ್ಲಿ, ಏನನ್ನು ಹೇಳುತ್ತದೆ?' ಎಂಬ ಪ್ರಶ್ನೆ ಬಂದು ಕುಳಿತುದು ಹೀಗೆ.

ಹೇಳುವ ದ್ರವ್ಯಗಳ ಹೆಸರುಗಳು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಒಂದೊಂದಾಗಿ ಹೊರಬಂದವು. ಅವುಗಳಲ್ಲಿ ಮುಖ್ಯವಾದುದು ಎಫ್‌ಜಿಎಫ್ 10 ಎಂಬ ಪ್ರೋಟೀನು. ಇದನ್ನು ಮೆಸೆಂಕೈಮ್ ಸ್ರವಿಸುತ್ತದೆ, ಮೊಗ್ಗಿನ ಕಣಗಳ ಮೇಲಿರುವ ಗ್ರಾಹಕವು ಹಿಡಿದುಕೊಳ್ಳುತ್ತದೆ, ಹಿಡಿದುಕೊಂಡ ಕಣಗಳು ವಿಭಜಿಸಿ ಮುಂದೊತ್ತುತ್ತವೆ. ಈ ಪ್ರೋಟೀನಿನ ಜೀನನ್ನು ಅಳಿಸಿದ ಇಲಿಮರಿಗಳಿಗೆ ಶ್ವಾಸಕೋಶವೂ ಕೈಕಾಲುಗಳೂ ಇಲ್ಲದಂತೆ ಲಾಲಾಗ್ರಂಥಿಗಳೂ ಬೆಳೆಯುವುದಿಲ್ಲ. ಮನುಷ್ಯರಲ್ಲಿ ಇದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಕಣ್ಣೀರಿನ ಮತ್ತು ಜೊಲ್ಲಿನ ಗ್ರಂಥಿಗಳು ಇಲ್ಲವಾಗುತ್ತವೆ ಅಥವಾ ಕುಂದುತ್ತವೆಂಬುದು ಸ್ವೀಡನ್ನಿನ ಕುಟುಂಬಗಳಲ್ಲಿ 2005ರಲ್ಲಿ ಗೊತ್ತಾಯಿತು. ಅಂಥವರಿಗೆ ಬಾಲ್ಯದಿಂದಲೂ ಬಾಯೊಣಗುತ್ತದೆ, ಹಲ್ಲುಗಳು ಬೇಗನೆ ಹುಳುಕಾಗುತ್ತವೆ. ಸಂದೇಶ ಒಂದೇ ದಿಕ್ಕಿಗೆ ಹರಿಯುವುದೂ ಅಲ್ಲ. ಮೊಗ್ಗಿನ ಕಣಗಳಿಂದ ಎಫ್‌ಜಿಎಫ್ 8, ಸಾನಿಕ್ ಹೆಜ್‌ಹಾಗ್ ಮೊದಲಾದ ಪ್ರೋಟೀನುಗಳು ಹೊರಟು, ಬೆಳವಣಿಗೆಯ ಗತಿಯನ್ನು ಮತ್ತೆ ತಿದ್ದುತ್ತವೆ. ಮೊಗ್ಗಿನ ಮೈಯಲ್ಲಿ ಸೀಳು ಬೀಳುವೆಡೆಗಳಲ್ಲಿ ಫೈಬ್ರೊನೆಕ್ಟಿನ್ ಎಂಬ ನಾರಿನಂಥ ದ್ರವ್ಯ ಕೂಡಿಕೊಳ್ಳುವುದನ್ನೂ, ಅದಿಲ್ಲದಿದ್ದರೆ ಸೀಳು ಬೀಳದಿರುವುದನ್ನೂ 2003ರಲ್ಲಿ ಕಂಡರು.

ಎಕ್ಟೋಡಿಸ್ಪ್ಲಾಸಿನ್ ಎಂಬ ಮತ್ತೊಂದು ಸಂದೇಶದ್ರವ್ಯದ ಕಥೆಯಲ್ಲಿ ನಮ್ಮ ಉಪಖಂಡಕ್ಕೂ ಪಾಲುಂಟು. ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಮುದ್ರಿಸಿದ ಗ್ರಂಥವೊಂದರಲ್ಲಿ ಸಿಂಧಿನ ಒಂದು ಹಿಂದೂ ಮನೆತನವನ್ನು ವರ್ಣಿಸಿದನು: ನಾಲ್ಕು ತಲೆಮಾರುಗಳಲ್ಲಿ ಹತ್ತು ಮಂದಿ ಗಂಡಸರಿಗೆ ಹಲ್ಲುಗಳು ಕೆಲವೇ, ಕೂದಲು ವಿರಳ, ಬೇಸಿಗೆಯಲ್ಲಿ ಒಣಚರ್ಮದ ದಾರುಣ ಬಾಧೆ; ಹೆಣ್ಣುಮಕ್ಕಳಿಗೆ ಈ ದೋಷ ಕಾಣದೆ, ಅವರ ಮೂಲಕ ಗಂಡುಮೊಮ್ಮಕ್ಕಳಿಗೆ ಸಾಗುತ್ತಿತ್ತು. ಇದಕ್ಕೆ ಕಾರಣವಾದ ಜೀನು ಸಿಕ್ಕಿದುದು 1996ರಲ್ಲಿ. ಮೆಸೆಂಕೈಮಿನಲ್ಲಿ ವಿಂಟ್ ಎಂಬ ಸಂಕೇತವು ಎದ್ದಾಗ ಅಲ್ಲಿ ಎಕ್ಟೋಡಿಸ್ಪ್ಲಾಸಿನ್ ಹುಟ್ಟಿ, ಹೊದಿಕೆಯ ಕಣಗಳನ್ನು ಮುಟ್ಟಿ, ಅವುಗಳಲ್ಲಿ ಸಾನಿಕ್ ಹೆಜ್‌ಹಾಗನ್ನು ಎಬ್ಬಿಸುತ್ತದೆ. ಹಲ್ಲು, ಕೂದಲು, ಬೆವರಿನ ಗ್ರಂಥಿ, ಲಾಲಾಗ್ರಂಥಿ ಇವೆಲ್ಲವೂ ಇದೇ ಭಾಷೆಯನ್ನು ಕೇಳಿ ಬೆಳೆಯುವುದರಿಂದ ಇದೊಂದು ಕೆಟ್ಟಾಗ ಎಲ್ಲವೂ ಒಟ್ಟಿಗೆ ಕುಂದುತ್ತವೆ. ಜರ್ಮನಿಯ ಎರ್ಲಾಂಗೆನ್ನಿನ ವೈದ್ಯರು ಈ ಪ್ರೋಟೀನನ್ನು ಗರ್ಭಜಲಕ್ಕೆ ಸೇರಿಸಿ, ಮೂವರು ಗಂಡುಮಕ್ಕಳು ಬೆವರುವ ಶಕ್ತಿಯೊಡನೆ ಹುಟ್ಟುವಂತೆ ಮಾಡಿದುದನ್ನು 2018ರಲ್ಲಿ ವರದಿಮಾಡಿದರು. ಸಿಂಧಿನ ಆ ಗಂಡಸರ ಸಂಕಟದಿಂದ ಇಲ್ಲಿಯವರೆಗೆ ನೂರ ನಾಲ್ವತ್ತು ವರ್ಷಗಳಿಗೂ ಮೀರಿದ ದಾರಿ. ವೈದ್ಯಚರಿತ್ರೆಯಲ್ಲಿ ಇಷ್ಟು ಸಮಾಧಾನವನ್ನು ಕೊಡುವ ಅಧ್ಯಾಯಗಳು ಹೆಚ್ಚಿಲ್ಲ.

ಮಿರಜೆಗೆ ಮರಳುವುದಾದರೆ, ಇಂದು ಅಲ್ಲಿಗೆ ಬರುವ ಕನ್ನಡ ರೋಗಿಗಳಲ್ಲಿ ಬಾಯಿಯ ಮತ್ತು ಗಂಟಲಿನ ಅರ್ಬುದದವರು ಬಹಳ. ನಿಪ್ಪಾಣಿ ಚಿಕ್ಕೋಡಿಗಳ ಕಡೆ ಹೊಲಗಳಲ್ಲಿ ತಂಬಾಕು ಬೆಳೆಯುತ್ತದೆ. ಅದನ್ನು ಸುಣ್ಣದೊಡನೆ ತಿಕ್ಕಿ ತುಟಿಯ ಒಳಗಿಟ್ಟುಕೊಳ್ಳುವ ಚಟ ಬೆಳೆಯುವವನಿಗೂ ಉಂಟು, ಕೊಳ್ಳುವವನಿಗೂ ಉಂಟು. ಊರಿನ ಸಿದ್ಧಿವಿನಾಯಕ ಗಣಪತಿ ಕ್ಯಾನ್ಸರ್ ಆಸ್ಪತ್ರೆಯಂಥ ಸಂಸ್ಥೆಗಳಿಗೆ ಅವರು ಬಂದು ಕಿರಣಚಿಕಿತ್ಸೆಯನ್ನು ಪಡೆಯುತ್ತಾರೆ. ಅರ್ಬುದದ ಕಣಗಳನ್ನು ಕೊಲ್ಲುವ ಆ ಕಿರಣಗಳಿಗೆ ಹತ್ತಿರದಲ್ಲಿಯೇ ಇರುವ ಲಾಲಾಗ್ರಂಥಿ ಅತ್ಯಂತ ಸುಲಭವಾಗಿ ಬಲಿಯಾಗುತ್ತದೆ. ಬೇನೆ ವಾಸಿಯಾದ ಮೇಲೆಯೂ, 'ಬಾಯಿ ಒಣಗತೈತ್ರಿ ಡಾಕ್ಟರ್ ಸಾಹೇಬ್ರ, ರೊಟ್ಟಿ ಗಂಟಲ್ದಾಗ ಇಳಿಯವಲ್ದು' ಎನ್ನುವ ದೂರು ಉಳಿದುಬಿಡುತ್ತದೆ. ಜೋಳದ ರೊಟ್ಟಿಯನ್ನೇ ನೆಚ್ಚಿ ಬಾಳುವ ಸೀಮೆಯಲ್ಲಿ ಜೊಲ್ಲಿಲ್ಲದ ಬಾಯಿ ಎಂಬುದು ಸಣ್ಣ ಕೊರತೆಯಲ್ಲ; ಮನೆಯವರು ಪಲ್ಯ ರೊಟ್ಟಿ ಉಣ್ಣುವಾಗ ರೋಗಿ ಮಾತ್ರ ಗಂಜಿಯ ಬಟ್ಟಲನ್ನು ಹಿಡಿದು ಕುಳಿತಿರಬೇಕು, ರಾತ್ರಿಯೆಲ್ಲ ತಂಬಿಗೆಯನ್ನು ಹಾಸಿಗೆಯ ಪಕ್ಕದಲ್ಲಿರಿಸಿಕೊಳ್ಳಬೇಕು, ಹಲ್ಲುಗಳು ಸವೆದು ಬೀಳುವುದನ್ನು ನೋಡುತ್ತಿರಬೇಕು. ಭ್ರೂಣದ ವಿದ್ಯೆ ಪರೀಕ್ಷೆಗೆ ಓದುವ ಪಾಠವಷ್ಟೇ ಎಂದು ಮೊದಲ ವರ್ಷದಲ್ಲಿ ಬೇಸರಪಟ್ಟ ವಿದ್ಯಾರ್ಥಿಗೂ, ಈ ರೋಗಿಯ ಮುಂದೆ ಕುಳಿತಾಗ ಅದರ ತೂಕ ತಿಳಿಯುತ್ತದೆ.

ಕೆಟ್ಟ ಗ್ರಂಥಿಯನ್ನು ಮತ್ತೆ ಬೆಳೆಯಿಸುವ ಆಸೆಗೆ ಬಲ ಬಂದುದು, ಮುಖದ ಸ್ನಾಯುಗಳ ನರವಲ್ಲದ, ಗ್ರಂಥಿಗೇ ಸೇರಿದ ನರವು ಭ್ರೂಣದಲ್ಲಿ ಮಾಡುವ ಕೆಲಸವನ್ನು ಕಂಡ ಮೇಲೆ. ಗ್ರಂಥಿಯ ಮೊಗ್ಗು ಕವಲೊಡೆಯತೊಡಗುವ ಹೊತ್ತಿಗೆ, ಅದರ ನಾಳವನ್ನು ಆತುಕೊಂಡು ಪರಾನುಕಂಪಿ ನರಕಣಗಳ ಗಂಟೊಂದು ಕೂಡಿ, ಅಲ್ಲಿಂದ ತಂತುಗಳು ಕವಲಿನ ತುದಿಗಳವರೆಗೂ ಹರಡುತ್ತವೆ. ಈ ನರಗಂಟನ್ನು ತೆಗೆದುಬಿಟ್ಟರೆ, ಮುಂದೆ ಗ್ರಂಥಿಯ ಕಣಗಳಾಗಬೇಕಾದ ಮೂಲಕಣಗಳ ಸಂಖ್ಯೆಯೇ ಕುಗ್ಗುತ್ತದೆಂದೂ, ನರವು ಸ್ರವಿಸುವ ಅಸೆಟೈಲ್‌ಕೋಲೀನ್ ಆ ಮೂಲಕಣಗಳನ್ನು ಕಾಪಾಡುತ್ತದೆಂದೂ ಸಾರಾ ನಾಕ್ಸ್ ಮತ್ತು ಅವರ ಸಹೋದ್ಯೋಗಿಗಳು 2010ರಲ್ಲಿ ತೋರಿಸಿದರು. ಆವರೆಗೆ ವೈದ್ಯರು ಆ ನರವನ್ನು ಬೆಳೆದ ಗ್ರಂಥಿಯಿಂದ ಜೊಲ್ಲನ್ನು ಹೊರಡಿಸುವ ಆಳೆಂದೇ ಮುಖ್ಯವಾಗಿ ಬಲ್ಲವರಾಗಿದ್ದರು. ಗ್ರಂಥಿಯ ನಿರ್ಮಾಣದಲ್ಲಿಯೇ ಅದಕ್ಕೆ ಪಾಲುಂಟೆಂದು ಈಗ ಗೊತ್ತಾಯಿತು. 2013ರಲ್ಲಿ ಅವರ ತಂಡವೇ ಮತ್ತೊಂದನ್ನು ಕಂಡಿತು: ಹೊದಿಕೆಯ ಕಣಗಳು ನ್ಯೂರ್ಟೂರಿನ್ ಎಂಬ ದ್ರವ್ಯವನ್ನು ಸ್ರವಿಸಿ ನರತಂತುಗಳನ್ನು ತಮ್ಮ ಕಡೆಗೆ ಸೆಳೆಯುತ್ತವೆ, ಕಿರಣ ತಗಲಿದ ಗ್ರಂಥಿಯಲ್ಲಿ ಆ ದ್ರವ್ಯ ಕುಗ್ಗಿ, ನರಗಳು ಹಿಂಜರಿಯುತ್ತವೆ, ಹೊರಗಿನಿಂದ ನ್ಯೂರ್ಟೂರಿನನ್ನು ಕೊಟ್ಟರೆ ಇಲಿಯ ಭ್ರೂಣದ ಗ್ರಂಥಿಯಲ್ಲಿ ನರಗಳು ಉಳಿದು, ಕವಲುಗಳು ಮತ್ತೆ ಬೆಳೆಯುತ್ತವೆ.

ಇದು ಇಲಿಯಲ್ಲಿ ಆದ ಮಾತು. ರೋಗಿಗೆ ಇಂದು ವೈದ್ಯನು ಕೊಡಬಲ್ಲುದು ಮುಖ್ಯವಾಗಿ ಎರಡು. ಕಿರಣದ ತೀವ್ರತೆಯನ್ನು ಯಂತ್ರದಿಂದ ಹೆಚ್ಚುಕಡಮೆಮಾಡಿ ಕರ್ಣಮೂಲ ಗ್ರಂಥಿಯನ್ನು ಸಾಧ್ಯವಾದಷ್ಟು ತಪ್ಪಿಸುವುದು ಒಂದು. ಹಾಗೆ ಮಾಡಿದವರಲ್ಲಿ ಬಾಯೊಣಗುವುದು ಎಷ್ಟೋ ಕಡಮೆಯೆಂದು ಬ್ರಿಟನ್ನಿನ ಪರೀಕ್ಷೆಯೊಂದು 2011ರಲ್ಲಿ ಸ್ಥಿರಪಡಿಸಿತು. ಪೈಲೋಕಾರ್ಪಿನ್ ಎಂಬ ಗುಳಿಗೆ ಇನ್ನೊಂದು. ಭ್ರೂಣದಲ್ಲಿ ಮೂಲಕಣಗಳನ್ನು ಪೋಷಿಸಿದ ಅಸೆಟೈಲ್‌ಕೋಲೀನು ಹಿಡಿದುಕೊಳ್ಳುವ ಗ್ರಾಹಕಗಳು ಯಾವ ಕುಲದವೋ ಆ ಕುಲದವನ್ನೇ ಈ ಗುಳಿಗೆಯೂ ಎಚ್ಚರಿಸಿ ಜೊಲ್ಲನ್ನು ಹೊರಡಿಸುತ್ತದೆ. ಕಿರಣದಿಂದ ಉಳಿದ ಕಣಗಳು ಒಂದಿಷ್ಟಾದರೂ ಇದ್ದಲ್ಲಿ ಮಾತ್ರ ಅದರಿಂದ ಪ್ರಯೋಜನವುಂಟು. ಒಂದೂ ಉಳಿಯದ ಗ್ರಂಥಿಯಲ್ಲಿ ಎಚ್ಚರಿಸಲು ಏನೂ ಇಲ್ಲದುದರಿಂದ, ಅಂಥ ರೋಗಿಗೆ ಗುಳಿಗೆಯನ್ನು ಬರೆದುಕೊಡುವುದನ್ನು ಬಿಟ್ಟು, ಹಲ್ಲುಗಳನ್ನು ಕಾಪಾಡಲು ಫ್ಲೋರೈಡ್ ಲೇಪನವನ್ನೂ, ಗುಟುಕುಗುಟುಕಾಗಿ ನೀರು ಕುಡಿಯುವ ರೂಢಿಯನ್ನೂ, ಸಾರಿನಲ್ಲಿ ರೊಟ್ಟಿಯನ್ನು ನೆನೆಸಿ ಉಣ್ಣುವುದನ್ನೂ ವೈದ್ಯರು ಹೇಳಿ ಕಳುಹಿಸುತ್ತಾರೆ.